ಕೋಬಾದ ಕೆಳಗಿನ ಹಿತ್ತಲು

ವಿಡಿಯೋ ನೋಡಲು ಪುರುಸೊತ್ತಿಲ್ಲದವರಿಗೆ, ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಓದುವವರಿಗೆ, ಈ ಸಲದ ಮಾತಿನ ಬರಹರೂಪ ಇಲ್ಲಿದೆ. ಮಾತಾಡುವಾಗ ಬಿಟ್ಟುಹೋದ ಒಂದೆರಡು ವಿವರಗಳನ್ನೂ ಸೇರಿಸಿದ್ದೇನೆ.

ಈ ಸಲ ಚಕ್ರವರ್ತಿಗಳಿಲ್ಲ, ಯುದ್ಧ ಇಲ್ಲ. ವಿಷಯ ನಮ್ಮ ಮನೆಯ ಹಿಂದಿನ ಜಾಗ. 10 ಅಡಿ ಅಗಲ, 16 ಅಡಿ ಉದ್ದ. ಸಾಂತಾಕ್ರೂಜ್ ಪೂರ್ವದ ವಾಕೋಲಾದಲ್ಲಿ ಒಂದು ಹಳೇ ಚಾಳ್‌ನ ನೆಲಮನೆ ನಮ್ಮದು. ಇಷ್ಟು ಸಣ್ಣ ಜಾಗಕ್ಕೆ ಇತಿಹಾಸ ಏನು ಮಣ್ಣು ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಜಗಳ ಶುರುವಾದದ್ದು

ಆ ಜಾಗಕ್ಕೆ 2005ರ ಅಕ್ಟೋಬರ್‌ನಲ್ಲಿ ಅಪ್ಪ ಕೋಬಾ ಹಾಕಿಸಿದರು. ಮುಂಬೈ ಹೊರಗಿನವರಿಗೆ ಹೇಳ್ತೇನೆ: ಇಟ್ಟಿಗೆ ಚೂರು ಹಾಸಿ ಮೇಲೆ ಸಿಮೆಂಟ್ ಹೊದಿಸಿ ಗಟ್ಟಿ ಮಾಡುವುದಕ್ಕೆ ಇಲ್ಲಿ ಕೋಬಾ ಅಂತಾರೆ. ಅದಕ್ಕಿಂತ ಮೊದಲು ಅಲ್ಲಿ ಅಮ್ಮನ ತೋಟ ಇತ್ತು. ಒಂದು ಕರಿಬೇವು, ಎರಡು ದಾಸವಾಳ, ಒಂದು ಬಾಳೆ, ಗೋಡೆಗೆ ಒರಗಿಸಿ ಕಟ್ಟಿದ ಬಸಳೆ ಚಪ್ಪರ. ಕೋಬಾ ಬಂದ ಮೇಲೆ ಅಮ್ಮನ ತೋಟ ಅಂದ್ರೆ ಏಳೆಂಟು ಕುಂಡ, ಒಂದು ಡಾಲ್ಡಾ ಡಬ್ಬದಲ್ಲಿ ತುಳಸಿ.

ಕಳೆದ ವರ್ಷ ಫೆಬ್ರವರಿಯಲ್ಲಿ ಅಮ್ಮ ಒಂದೇ ಒಂದು ಮಾತು ಹೇಳಿದರು: "ನೀನು ಇಷ್ಟು ಓದಿದ್ದಿ. ಇದನ್ನೊಮ್ಮೆ ಸರಿಯಾಗಿ ಮಾಡಿ ಕೊಡು ಮಾರಾಯ, ನೆಲದಲ್ಲಿ ಬೆಳೆದ ಬಸಳೆ ತಿನ್ನದೆ ಇಪ್ಪತ್ತು ವರ್ಷ ಆಯ್ತು." (ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಕನ್ನಡದಲ್ಲಿ ಹೇಳ್ತಿದ್ದೇನೆ.) ನಾನು ಎಂಟೆಕ್ ಮಾಡಿದವನಲ್ವಾ, ಕೂಡಲೇ ಲ್ಯಾಪ್‌ಟಾಪ್ ತೆಗೆದು ನಕ್ಷೆ ಬಿಡಿಸಿದೆ. ಕೋಬಾ ಒಡೆಯುವುದು, ಮಣ್ಣು ತುಂಬುವುದು, ನಡುವೆ ಒಂದು ತಗ್ಗು, ಮೂಲೆಯಲ್ಲಿ ಕೂರಲು ಕಟ್ಟೆ.

ಅಪ್ಪ ನಕ್ಷೆ ನೋಡಲೂ ಇಲ್ಲ. "ಕೋಬಾ ಒಡೆಯುವ ಮಾತು ಬೇಡ. ಮಣ್ಣು ಇದ್ರೆ ನೀರು ಒಳಗೆ ಬರ್ತದೆ."

ನಮ್ಮ ಕೆಲಸದಲ್ಲಿ ಒಂದು ಪಾಠ ಉಂಟು. ಹತ್ತು ವರ್ಷ ಹಳೇ ಕೋಡ್‌ನಲ್ಲಿ ಅರ್ಥವಾಗದ ಒಂದು ಸಾಲು ಸಿಕ್ಕರೆ, ಇದು ವೇಸ್ಟ್ ಅಂತ ಅಳಿಸಬಾರದು. ಯಾರೋ ಯಾವುದೋ ರಾತ್ರಿ ಏನೋ ಕೆಟ್ಟುಹೋದಾಗ ಬರೆದ ಸಾಲು ಅದು. ಮೊದಲು ಅದು ಏನಕ್ಕೆ ಹೆದರಿ ಬರೆದದ್ದು ಅಂತ ತಿಳಿಯಬೇಕು. ಈ ಕೋಬಾ ಏನಕ್ಕೆ ಹೆದರಿ ಹಾಕಿದ್ದು ಅಂತ ನನಗೆ ಗೊತ್ತಿತ್ತು. ಆದರೆ ಅದಕ್ಕಿಂತ ಹಿಂದಿನ ತೋಟಗಳು? ಅವೂ ಹೀಗೇ ಯಾವುದೋ ಹೆದರಿಕೆಗೆ ಕೊಟ್ಟ ಉತ್ತರಗಳಾ? ಅಲ್ಲಿಂದ ಹುಡುಕಾಟ ಶುರುವಾಯ್ತು.

ಊರಿನ ಹಿತ್ತಲು: ನೀರಿನ ಲೆಕ್ಕ

ಅಪ್ಪ ಅಮ್ಮ ಇಬ್ಬರದ್ದೂ ಉಡುಪಿ ಕಡೆ. ಅಲ್ಲಿಯ ಹಿತ್ತಲನ್ನು ಯಾರೂ ಕಾಗದದಲ್ಲಿ ಡಿಸೈನ್ ಮಾಡಿದ್ದಲ್ಲ, ಆದರೂ ಅದಕ್ಕೊಂದು ಗಟ್ಟಿ ವಿನ್ಯಾಸ ಇತ್ತು. ಮನೆಯ ಮುಂದೆ ಅಂಗಳ, ಅಂಗಳದಲ್ಲಿ ತುಳಸಿ ಕಟ್ಟೆ. ಹಿಂದೆ ಅಥವಾ ಬದಿಯಲ್ಲಿ ಬಾವಿ. ಬಾವಿಯ ಹತ್ತಿರ ಬಸಳೆ ಚಪ್ಪರ, ಯಾಕಂದ್ರೆ ಕೊಡ ತುಂಬಿಸುವಾಗ ಚೆಲ್ಲಿದ ನೀರು ಅದರ ಬುಡಕ್ಕೇ ಹೋಗಬೇಕು. ಬಚ್ಚಲಿನ ನೀರು ಹೊರಗೆ ಬೀಳುವ ಕಡೆ ಬಾಳೆ, ಕೆಸು. ನೀರು ಕಡಿಮೆ ಕೇಳುವ ನುಗ್ಗೆ, ಕರಿಬೇವು ದೂರದಲ್ಲಿ. ಗಿಡ ಎಲ್ಲಿರಬೇಕು ಅನ್ನುವುದನ್ನು ನೀರು ತೀರ್ಮಾನಿಸುತ್ತಿತ್ತು.

ಇನ್ನೂ ಸ್ವಾರಸ್ಯದ ಸಂಗತಿ ಏನಂದ್ರೆ, ಆ ಹಿತ್ತಲಿಗೆ ವರ್ಷಕ್ಕೆ ಎರಡು ಆಕಾರ. ಮಳೆಗಾಲಕ್ಕೆ ಮಣ್ಣನ್ನು ಎತ್ತರಿಸಿ ಏರು ಮಡಿ ಮಾಡುತ್ತಾರೆ, ನಡುವೆ ಕಣಿ ತೋಡುತ್ತಾರೆ. ಬೆಂಡೆ, ಹೀರೆ, ಹರಿವೆ ಏರಿನ ಮೇಲೆ, ನೀರು ಕಣಿಯಲ್ಲಿ. ಮಳೆ ಹೋದ ಮೇಲೆ ಅದೇ ಮಣ್ಣನ್ನು ತಗ್ಗಿಸಿ ಪಾತಿ ಮಾಡುತ್ತಾರೆ, ಹೊಯ್ದ ನೀರು ಆಚೆ ಈಚೆ ಹೋಗದ ಹಾಗೆ. ಘಟ್ಟದ ಮೇಲೆ ಶಿರಸಿ ಕಡೆಯ ಅಡಿಕೆ ತೋಟದಲ್ಲಿ ಇದೇ ಕೆಲಸಕ್ಕೆ ಬಸಿಗಾಲುವೆ ಉಂಟು. ನಾಲ್ಕು ತಿಂಗಳು ನೀರು ಜಾಸ್ತಿ, ಎಂಟು ತಿಂಗಳು ನೀರು ಸಾಲದು. ಈ ಎರಡು ಹೆದರಿಕೆಗೆ ಎರಡು ಆಕಾರ.

ಇದು ಬರೀ ಅಜ್ಜಿ ಕಥೆಯಲ್ಲ. ಸುಮಾರು 1025ರಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಎರಡನೇ ಚಾವುಂಡರಾಯ ಎಂಬ ಕವಿ ಕನ್ನಡದಲ್ಲಿ 'ಲೋಕೋಪಕಾರ' ಎಂಬ ಪುಸ್ತಕ ಬರೆದ. ಒಂದು ಸಾವಿರ ವರ್ಷದ ಹಿಂದೆ! ಹೆಸರೇ ಹೇಳುವ ಹಾಗೆ ಅದು ಜನಕ್ಕೆ ಉಪಯೋಗವಾಗುವ ವಿಷಯಗಳ ಕೈಪಿಡಿ. ಮನೆ ಕಟ್ಟುವ ವಾಸ್ತು, ನೆಲದಡಿಯ ನೀರು ಹುಡುಕುವ ಉದಕಾರ್ಗಳ, ಗಿಡಮರಗಳ ಆರೈಕೆಯ ವೃಕ್ಷಾಯುರ್ವೇದ, ಅಡುಗೆಯ ಸೂಪಶಾಸ್ತ್ರ — ಎಲ್ಲ ಒಂದೇ ಪುಸ್ತಕದಲ್ಲಿ. ನಾವು ಇವತ್ತು ಇದನ್ನೆಲ್ಲ ಬೇರೆ ಬೇರೆ ಡಿಪಾರ್ಟ್‌ಮೆಂಟ್ ಮಾಡಿದ್ದೇವೆ. ಆ ಕಾಲದವನಿಗೆ ಮನೆ, ನೀರು, ಗಿಡ, ಅಡುಗೆ ಒಂದೇ ಲೆಕ್ಕದ ಭಾಗ.

ಇನ್ನೊಂದು ಗುಟ್ಟು ಮಣ್ಣಿನದ್ದು. ಕರಾವಳಿಯ ನೆಲ ಮುರಕಲ್ಲು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಫ್ರಾನ್ಸಿಸ್ ಬುಕಾನನ್ ಈ ಕಲ್ಲನ್ನು ಇಟ್ಟಿಗೆಯ ಹಾಗೆ ಕತ್ತರಿಸುವುದನ್ನು ನೋಡಿ, ಇಟ್ಟಿಗೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟ. ಮುರಕಲ್ಲಿನ ಮೈ ತುಂಬ ತೂತು. ಎಷ್ಟು ಮಳೆ ಬಂದರೂ ಕುಡಿಯುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ನಾನು ಬಿದ್ದದ್ದು ಇಲ್ಲೇ.

ಸಾಂತಾಕ್ರೂಜ್: ಗಾಳಿಯ ಲೆಕ್ಕ

ಈಗ ಮುಂಬೈಗೆ ಬನ್ನಿ. ಸಾಂತಾ ಕ್ರೂಜ್ ಅಂದ್ರೆ ಪೋರ್ಚುಗೀಸರ ಮಾತಿನಲ್ಲಿ ಪವಿತ್ರ ಶಿಲುಬೆ. ಈ ಪ್ರದೇಶ ಸಾಲ್‌ಸೆಟ್ ದ್ವೀಪದ ಭಾಗ. 1534ರಲ್ಲಿ ಗುಜರಾತಿನ ಬಹಾದೂರ್ ಶಾಹನಿಂದ ಪೋರ್ಚುಗೀಸರ ಕೈಗೆ, 1730ರ ದಶಕದಲ್ಲಿ ಮರಾಠರ ಕೈಗೆ, 1774ರಲ್ಲಿ ಇಂಗ್ಲಿಷರ ಕೈಗೆ. ಆಳುವವರು ಬದಲಾದರೂ ನೆಲ ಮಾತ್ರ ಗದ್ದೆ, ತೆಂಗು, ಜೌಗು. ಇವತ್ತಿನ ಕಾಲಿನಾಕ್ಕೆ ಹಳೇ ಹೆಸರು ಕೋಲೆಕಲ್ಯಾಣ. ಭೂಮಿಯ ಕಾಗದಪತ್ರದಲ್ಲಿ ಇವತ್ತಿಗೂ ಅದೇ ಹೆಸರು. ಅಲ್ಲಿಯ ಈಸ್ಟ್ ಇಂಡಿಯನ್ ಕ್ರೈಸ್ತರ ಗಾವಠಾಣಗಳಲ್ಲಿ ಹಳೇ ಮನೆ, ಬೀದಿಯಂಚಿನ ಶಿಲುಬೆ, ಬಾವಿ ಈಗಲೂ ಅಲ್ಲೊಂದು ಇಲ್ಲೊಂದು ಕಾಣ್ತವೆ. ನಮ್ಮ ಅಂಗಳದ ತುಳಸಿ ಕಟ್ಟೆಯ ಜಾಗದಲ್ಲಿ ಶಿಲುಬೆ, ಅಷ್ಟೇ. ಬಾವಿ ಎರಡೂ ಕಡೆ ಉಂಟು.

1867ರಲ್ಲಿ ವಿರಾರ್‌ನಿಂದ ಮುಂಬೈಗೆ ಲೋಕಲ್ ಗಾಡಿ ಶುರುವಾಯಿತು. ಆದರೆ ಜನ ಊರು ಬಿಟ್ಟು ಉಪನಗರದತ್ತ ನಿಜವಾಗಿ ನೋಡಿದ್ದು 1896ರ ಪ್ಲೇಗಿನ ನಂತರ. ಮಾಂಡ್ವಿಯ ಇಕ್ಕಟ್ಟಿನ ಓಣಿಗಳಲ್ಲಿ ಶುರುವಾದ ರೋಗ ನಗರವನ್ನೇ ಅಲ್ಲಾಡಿಸಿತು. 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬಂತು. ಗಾಳಿ ಇಲ್ಲದ, ಬೆಳಕಿಲ್ಲದ ಮನೆಯೇ ರೋಗದ ಮೂಲ ಅನ್ನುವುದು ಅಂದಿನ ದೊಡ್ಡ ನಂಬಿಕೆ. 1915ರಲ್ಲಿ ದೇಶದ ಮೊದಲ ಟೌನ್ ಪ್ಲಾನಿಂಗ್ ಕಾಯ್ದೆ ಆದದ್ದು ಮುಂಬೈ ಪ್ರಾಂತದಲ್ಲಿ. ಅಡ್ಡಾದಿಡ್ಡಿ ಗದ್ದೆಗಳನ್ನೆಲ್ಲ ಒಟ್ಟು ಮಾಡಿ, ರಸ್ತೆಗೆ ಜಾಗ ತೆಗೆದು, ಉಳಿದದ್ದನ್ನು ನೇರ ಅಂಚಿನ ಪ್ಲಾಟು ಮಾಡಿ ಒಡೆಯರಿಗೆ ತಿರುಗಿ ಕೊಡುವ ವ್ಯವಸ್ಥೆ ಅದು. ನಮ್ಮ ವಿಳಾಸಗಳಲ್ಲಿ ಟಿ.ಪಿ.ಎಸ್. ಅಂತ ಮೂರಕ್ಷರ ಇರ್ತದಲ್ಲ, ಅದು ಟೌನ್ ಪ್ಲಾನಿಂಗ್ ಸ್ಕೀಮ್. ಗದ್ದೆ ಪ್ಲಾಟಾದ ಗುರುತು. ಮನೆಯ ಸುತ್ತ ಖಾಲಿ ಜಾಗ ಬಿಡಬೇಕು ಎಂಬ ನಿಯಮ ಹೀಗೆ ಬಂತು.

ಈ ಕಥೆಯಲ್ಲಿ ನಮ್ಮ ಕಡೆಯವರ ಪಾಲೂ ದೊಡ್ಡದು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದರು. ಹಾಗಾಗಿ ಓದಿದವರಿಗೆ, ಕೆಲಸ ಹುಡುಕುವವರಿಗೆ ಮುಂಬೈ ಹತ್ತಿರವಾಯಿತು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಕಲಿತ ಚಿತ್ರಾಪುರ ಸಾರಸ್ವತರು ಹೀಗೆ ಬಂದವರು. ಬಾಡಿಗೆ ಮನೆಯ ಕಷ್ಟ ತಾಳಲಾರದೆ ಇವರೇ 1915ರಲ್ಲಿ ರಾವ್ ಬಹಾದ್ದೂರ್ ಶ್ರೀಪಾದ ಸುಬ್ಬರಾವ್ ತಾಲಮಕಿಯವರ ಮುಂದಾಳತ್ವದಲ್ಲಿ ಗಾಂವದೇವಿಯಲ್ಲಿ ಸಹಕಾರಿ ವಸತಿ ಸಂಘ ಕಟ್ಟಿದರು. ಇವತ್ತು ಮುಂಬೈಯಲ್ಲಿ ಯಾವ ಬಿಲ್ಡಿಂಗಿಗೆ ಹೋದರೂ 'ಸೊಸೈಟಿ' ಅಂತಾರಲ್ಲ, ಆ ವ್ಯವಸ್ಥೆಯ ಬೇರು ಅಲ್ಲಿ. ಇದೇ ಸಹಕಾರದ ದಾರಿ ಮುಂದೆ ಉಪನಗರಕ್ಕೂ ಬಂತು. ಸಾಂತಾಕ್ರೂಜ್ ಪಶ್ಚಿಮದ ಸಾರಸ್ವತ ಕಾಲೊನಿ ಅದರ ನೆನಪು.

ಆದರೆ ಗಮನಿಸಿ. ಪ್ಲಾಟಿನ ಸುತ್ತ ಬಿಟ್ಟ ಈ ಖಾಲಿ ಜಾಗವನ್ನು ನೀರಿಗಾಗಿ ಬಿಟ್ಟದ್ದಲ್ಲ. ಗಾಳಿ, ಬೆಳಕಿಗಾಗಿ ಬಿಟ್ಟದ್ದು. ಜನ ಅದರಲ್ಲಿ ತೆಂಗು, ದಾಸವಾಳ, ಪಾರಿಜಾತ ನೆಟ್ಟು ಊರಿನ ಹಿತ್ತಲು ಮಾಡಿಕೊಂಡರು, ಅದು ಬೇರೆ ಮಾತು. ಕಾನೂನಿನ ಕಣ್ಣಲ್ಲಿ ಅದು ಖಾಲಿ ಜಾಗ ಅಷ್ಟೇ. ಖಾಲಿ ಇದ್ದರೆ ಸಾಕು, ಮಣ್ಣೇ ಇರಬೇಕು ಅಂತಿಲ್ಲ. ಸಿಮೆಂಟ್ ಹಾಕಿದರೂ ಗಾಳಿ ಬರ್ತದೆ. ಮುಂದೆ ಕಾರು ಬಂದಾಗ, ಪೇವರ್ ಬ್ಲಾಕ್ ಬಂದಾಗ, ಈ ಸಣ್ಣ ವ್ಯತ್ಯಾಸ ದೊಡ್ಡದಾಯಿತು.

ಬಾವಿ ಮುಚ್ಚಿದ್ದು: ಸೊಳ್ಳೆಯ ಲೆಕ್ಕ

ಪ್ಲೇಗಿನ ಹೆದರಿಕೆ ಇಳಿಯುವ ಮೊದಲೇ ಇನ್ನೊಂದು ಬಂತು. ಚಾರ್ಲ್ಸ್ ಬೆಂಟ್ಲಿ ಎಂಬ ವೈದ್ಯ 1911ರಲ್ಲಿ ಮುಂಬೈಯ ಮಲೇರಿಯಾ ಬಗ್ಗೆ ವರದಿ ಕೊಟ್ಟ. ಮಲೇರಿಯಾ ಹರಡುವ ಸೊಳ್ಳೆ ಹುಟ್ಟುವುದು ದೂರದ ಜೌಗಿನಲ್ಲಿ ಅಲ್ಲ, ಮನೆಮನೆಯ ಬಾವಿಯಲ್ಲಿ ಅಂತ ಅವನು ತೋರಿಸಿದ. ಅದು ಸರಿಯೇ ಆಗಿತ್ತು. ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಆ ಸೊಳ್ಳೆಗೆ ಬಾವಿಯ, ಟ್ಯಾಂಕಿಯ ತಿಳಿನೀರೇ ಬೇಕು. ನಗರದಲ್ಲಿ ಬಾವಿ ಮುಚ್ಚುವ, ತುಂಬಿಸುವ ಕೆಲಸ ಶುರುವಾಯಿತು. ಹಿಂದೂಗಳು, ಪಾರ್ಸಿಗಳು ವಿರೋಧಿಸಿದರು, ಬಾವಿ ಅವರಿಗೆ ಪೂಜೆಯ ಜಾಗ. ಚರ್ಚ್‌ಗೇಟ್ ಹತ್ತಿರ 1725ರ ಭಿಖಾ ಬೆಹ್ರಾಮ್ ಬಾವಿ ಇವತ್ತಿಗೂ ಉಳಿದುಕೊಂಡದ್ದು ಆ ಭಕ್ತಿಯಿಂದಲೇ.

ಅದೇ ಕಾಲದಲ್ಲಿ ಇನ್ನೊಂದು ದನಿಯೂ ಇತ್ತು. ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್ 1915ರ ನಂತರ ನಮ್ಮ ಎಷ್ಟೋ ಊರುಗಳನ್ನು ನಡೆದು ನೋಡಿ ವರದಿ ಬರೆದವರು, 1919ರಲ್ಲಿ ಮುಂಬೈ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕರಾದವರು. ಹಳೇ ಊರನ್ನು ಕೆಡವಿ ಕಟ್ಟುವುದಕ್ಕಿಂತ, ಇರುವುದನ್ನು ಅರ್ಥ ಮಾಡಿಕೊಂಡು ಅಲ್ಲಲ್ಲಿ ಮಾತ್ರ ಕತ್ತರಿ ಹಾಕಬೇಕು ಅನ್ನುವುದು ಅವರ ವಾದ. ಕೆರೆ ಬಾವಿಗಳನ್ನು ಮುಚ್ಚಿಬಿಡುವುದನ್ನೂ ಅವರು ಒಪ್ಪುತ್ತಿರಲಿಲ್ಲ. ಶುಚಿ ಮಾಡಿ, ಮೀನು ಬಿಡಿ, ಸೊಳ್ಳೆಯನ್ನು ಅವು ನೋಡಿಕೊಳ್ತವೆ ಎಂಬ ಧಾಟಿ. ಆದರೆ ಮುಚ್ಚುವುದು ಸುಲಭ. ನಿಂತ ನೀರು ಕಂಡರೆ ಸಾಕು, ಮುಚ್ಚು, ಒಣಗಿಸು, ಸಿಮೆಂಟ್ ಹಾಕು ಎಂಬ ಅಭ್ಯಾಸ ನಗರಕ್ಕೆ ಅಂಟಿತು.

ನನಗೆ ಇಲ್ಲಿ ಯಾರನ್ನೂ ದೂರಲು ಇಷ್ಟ ಇಲ್ಲ. ಬೆಂಟ್ಲಿ ಹೇಳಿದ್ದರಿಂದ ಎಷ್ಟೋ ಜೀವ ಉಳಿದಿರಬಹುದು. ಆದರೆ ಒಂದು ಹೆದರಿಕೆಗೆ ಬರೆದ ಉತ್ತರ ಆ ಹೆದರಿಕೆ ಮುಗಿದ ಮೇಲೂ ಹಾಗೇ ಉಳಿದುಬಿಡ್ತದೆ. ನಮ್ಮ ಸಾಫ್ಟ್‌ವೇರಿನಲ್ಲೂ ಹೀಗೇ.

26 ಜುಲೈ 2005

ಈಗ ನಮ್ಮ ಮನೆಯ ಹೆದರಿಕೆಗೆ ಬರೋಣ. ಅವತ್ತು ಮಂಗಳವಾರ. ನಾನು ಒಂಬತ್ತನೇ ಕ್ಲಾಸು. ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಆಕಾಶ ಕಪ್ಪಾಯಿತು, ಮತ್ತೆ ಬಿಡಲೇ ಇಲ್ಲ. ಸಾಂತಾಕ್ರೂಜ್ ಹವಾಮಾನ ಕೇಂದ್ರ ಇರುವುದು ವಿಮಾನ ನಿಲ್ದಾಣದ ಹತ್ತಿರ, ನಮಗೆ ದೂರವೇನಲ್ಲ. ಅಲ್ಲಿ 24 ಗಂಟೆಯಲ್ಲಿ ದಾಖಲಾದ ಮಳೆ 944 ಮಿಲಿಮೀಟರ್. ಅದೇ ದಿನ ಅದೇ ನಗರದ ದಕ್ಷಿಣ ತುದಿ ಕೊಲಾಬಾದಲ್ಲಿ? ಸುಮಾರು 74 ಮಿಲಿಮೀಟರ್ ಮಾತ್ರ.

ಈ ಎರಡು ಸಂಖ್ಯೆಗಳ ನಡುವೆ ನಮ್ಮ ಅಪ್ಪ ಇದ್ದರು. ಅವರು ಫೋರ್ಟ್‌ನ ಒಂದು ಉಡುಪಿ ಹೋಟೆಲಿನಲ್ಲಿ ಕೌಂಟರ್ ನೋಡಿಕೊಳ್ಳುತ್ತಿದ್ದವರು. ಅಲ್ಲಿ ಮಾಮೂಲಿ ಮಳೆ. ಸಂಜೆ ಟ್ರೇನ್ ನಿಂತಿದೆ ಅಂತ ಗೊತ್ತಾದಾಗಲೂ ಮನೆಯಲ್ಲಿ ಏನಾಗಿದೆ ಅಂತ ಅವರಿಗೆ ಅಂದಾಜು ಇರಲಿಲ್ಲ. ಫೋನ್ ಸಿಗಲಿಲ್ಲ. ನಡೆದುಕೊಂಡು ಹೊರಟರು. ಇಪ್ಪತ್ತು ಕಿಲೋಮೀಟರಿಗೂ ಜಾಸ್ತಿ ದಾರಿ.

ಇಲ್ಲಿ ನೀರು ಮೊದಲು ಬಂದದ್ದು ಹಿಂಬದಿಯ ಗಟಾರದಿಂದ. ಅಮ್ಮ ರೇಷನ್ ಕಾರ್ಡು, ನನ್ನ ಮಾರ್ಕ್ಸ್ ಕಾರ್ಡು, ಕರಿಮಣಿ ಸರ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನನ್ನು, ತಂಗಿಯನ್ನು ಎಳಕೊಂಡು ಮೇಲಿನ ಮಾಳಿಗೆಯವರ ಮನೆಗೆ ಹೋದರು. ಅವತ್ತು ರಾತ್ರಿ ಆ ಒಂದು ರೂಮಿನಲ್ಲಿ ನಾವು ಹತ್ತೊಂಬತ್ತು ಜನ. ಕೆಳಗೆ ನಮ್ಮ ಫ್ರಿಜ್ ಗೋಡೆಗೆ ಡಿಕ್ಕಿ ಹೊಡೆಯುವ ಸದ್ದು ಕೇಳ್ತಿತ್ತು.

ಅಪ್ಪ ಬಂದು ಮುಟ್ಟಿದ್ದು ಮರುದಿನ ಮಧ್ಯಾಹ್ನ. ನೀರು ಇಳಿದಿತ್ತು. ಅಡುಗೆಮನೆಯಲ್ಲಿ ನಾಲ್ಕು ಬೆರಳು ಕೆಸರು, ಹಿಂದಿನ ಬಾಗಿಲು ಕಿತ್ತುಹೋಗಿ ತೋಟದ ಕಡೆ ಬಿದ್ದಿತ್ತು. ಆ ದೃಶ್ಯದಿಂದ ಅವರು ಒಂದು ತೀರ್ಮಾನಕ್ಕೆ ಬಂದರು: ತೋಟದ ಕಡೆಯಿಂದ ನೀರು ಬಂತು, ತೋಟದ ಮಣ್ಣು ಮನೆಗೆ ನುಗ್ಗಿತು. ನಗರದಲ್ಲಿ ನಾನೂರಕ್ಕೂ ಹೆಚ್ಚು ಜನ ಸತ್ತ ದುರಂತ ಅದು. ನಮ್ಮದು ಬರೀ ಕೆಸರು, ಫ್ರಿಜ್ಜು. ಆದರೂ ಆ ರಾತ್ರಿ ತಾನು ಮನೆಯಲ್ಲಿ ಇರಲಿಲ್ಲ ಅನ್ನುವುದು ಅಪ್ಪನಿಗೆ ಇವತ್ತಿಗೂ ಕೊರೆಯುತ್ತದೆ. ಅವರು ಬಾಯಿಬಿಟ್ಟು ಹೇಳಿಲ್ಲ. ಜೋರು ಮಳೆಯ ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಿಡಿದು ಹಿಂದಿನ ಹೊಸ್ತಿಲು ನೋಡ್ತಾರೆ, ಅಷ್ಟೇ. ಕೋಬಾ ಅಂದ್ರೆ ಅದು.

ಚರಂಡಿಯ ಲೆಕ್ಕದಲ್ಲಿದ್ದ ಹಿತ್ತಲು

ನಾನು ಹುಡುಕುತ್ತಾ ಹೋದಾಗ ಸಿಕ್ಕಿದ ಒಂದು ಸಂಖ್ಯೆ ನನ್ನನ್ನು ಕೂರಿಸಿಬಿಟ್ಟಿತು. ಮುಂಬೈಯ ಹಳೇ ಮಳೆನೀರಿನ ಚರಂಡಿಗಳನ್ನು ಲೆಕ್ಕ ಹಾಕಿದ್ದು ಗಂಟೆಗೆ 25 ಮಿಲಿಮೀಟರ್ ಮಳೆಗೆ, ಅದೂ ಸಮುದ್ರದ ಇಳಿತದ ಹೊತ್ತಿಗೆ. ಇದನ್ನು ಎಲ್ಲರೂ ಹೇಳ್ತಾರೆ. ಆದರೆ ಅದರ ಪಕ್ಕದಲ್ಲೇ ಇನ್ನೊಂದು ಅಂಕಿ ಉಂಟು: ಹರಿವಿನ ಗುಣಾಂಕ 0.5. ಅಂದ್ರೆ ಬಿದ್ದ ಮಳೆಯಲ್ಲಿ ಅರ್ಧ ಮಾತ್ರ ಚರಂಡಿಗೆ ಬರ್ತದೆ, ಉಳಿದ ಅರ್ಧ ಮಣ್ಣು ಕುಡಿಯುತ್ತದೆ ಅನ್ನುವ ಎಣಿಕೆ.

ಆ ಅರ್ಧ ಮಳೆಯನ್ನು ಕುಡಿಯಬೇಕಿದ್ದ ಮಣ್ಣು ಎಲ್ಲಿತ್ತು? ಮೈದಾನದಲ್ಲಿ, ಗದ್ದೆಯಲ್ಲಿ, ಜೌಗಿನಲ್ಲಿ — ಮತ್ತೆ ಸಾವಿರಾರು ಮನೆಗಳ ಹಿಂದಿನ ಇಂಥ ಹಿತ್ತಲುಗಳಲ್ಲಿ. ಗಾಳಿಗಾಗಿ ಬಿಟ್ಟ ಜಾಗ ನೀರಿನ ಕೆಲಸವನ್ನೂ ಮಾಡುತ್ತಿತ್ತು, ಯಾರೂ ಹೇಳದೆ. ಕೆಲಸ ಕೊಟ್ಟವರಿಗೆ ಗೊತ್ತಿತ್ತು, ಕೆಲಸ ಮಾಡುವವರಿಗೆ ಗೊತ್ತಿರಲಿಲ್ಲ. ಹಾಗಾಗಿ ಒಬ್ಬೊಬ್ಬರೇ ಕೋಬಾ ಹಾಕುತ್ತಾ ಹೋದರು. 1993ರಲ್ಲಿ ಬ್ರಿಮ್‌ಸ್ಟೋವಾಡ್ ಎಂಬ ವರದಿ ಬಂದಾಗ ಗಂಟೆಗೆ 50 ಮಿಲಿಮೀಟರಿಗೆ ಲೆಕ್ಕ ಹಾಕಿ, ಗುಣಾಂಕ 1 ಇಟ್ಟುಕೊಳ್ಳಿ ಅಂತ ಸಲಹೆ ಕೊಟ್ಟಿತು. ಗುಣಾಂಕ 1 ಅಂದ್ರೆ, ಇನ್ನು ಮೇಲೆ ಮಣ್ಣು ಒಂದು ಹನಿಯನ್ನೂ ಕುಡಿಯುವುದಿಲ್ಲ ಅಂತ ನಗರವೇ ಬರೆದುಕೊಟ್ಟ ಹಾಗೆ.

ನಮ್ಮ ಜಾಗಕ್ಕೆ ಲೆಕ್ಕ ಮಾಡಿ. 160 ಚದರ ಅಡಿ ಅಂದ್ರೆ ಸುಮಾರು 15 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಲೀಟರ್. ಗಂಟೆಗೆ 25 ಮಿಲಿಮೀಟರ್ ಬಂದರೆ 375 ಲೀಟರ್. ಹಳೇ ಎಣಿಕೆಯಲ್ಲಿ ಗಟಾರಕ್ಕೆ ಹೋಗಬೇಕಾದದ್ದು 190 ಲೀಟರಿನ ಆಸುಪಾಸು. ಕೋಬಾ ಮೇಲೆ ಬಿದ್ದರೆ ಹೆಚ್ಚುಕಡಿಮೆ ಪೂರ್ತಿ 375. ನಮ್ಮ ಚಾಳ್‌ನಲ್ಲಿ ಇಂಥ ಎಂಟು ನೆಲಮನೆ, ಎಂಟಕ್ಕೂ ಕೋಬಾ. ಗಂಟೆಗೆ ಮೂರು ಸಾವಿರ ಲೀಟರ್, ಒಂದೇ ಗಟಾರಕ್ಕೆ. ಆ ಗಟಾರ ತುಂಬಿದರೆ ಉಕ್ಕುವುದು ಎಲ್ಲಿಗೆ? ನಮ್ಮ ಹಿಂಬಾಗಿಲಿಗೇ.

ಸುಳ್ಳು ಹೇಳಬಾರದು: 2005ರ ಆ ದಿನ ನಮ್ಮ ತೋಟ ನಮ್ಮನ್ನು ಉಳಿಸುತ್ತಿರಲಿಲ್ಲ. 944 ಮಿಲಿಮೀಟರ್ ಅಂದ್ರೆ ಈ ಪುಟ್ಟ ಜಾಗದ ಮೇಲೇ 14 ಸಾವಿರ ಲೀಟರ್. ಸಮುದ್ರದ ಭರತ, ರನ್‌ವೇ ಸುತ್ತಿ ತಿರುವು ತೆಗೆದುಕೊಳ್ಳುವ ಮೀಠಿ ನದಿ, ಅದಕ್ಕೆ ಸೇರುವ ವಾಕೋಲಾ ನಾಲೆ, ಜೌಗು ತುಂಬಿ ಎದ್ದ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ — ಇದೆಲ್ಲದರ ಮುಂದೆ ಹಿತ್ತಲು ಎಷ್ಟರದ್ದು? ಆದರೆ ಅಂಥ ದಿನ ಒಂದು. ಪ್ರತಿ ವರ್ಷ ಜುಲೈಯಲ್ಲಿ ನಾಲ್ಕೈದು ಸಲ ಗಟಾರ ಉಕ್ಕಿ ಹೊಸ್ತಿಲ ತನಕ ಬರುವ ನೀರು ಉಂಟಲ್ಲ, ಅದರಲ್ಲಿ ನಮ್ಮ ಎಂಟು ಮನೆಗಳ ಕೋಬಾದ ಪಾಲು ಉಂಟು.

ಈ ಲೆಕ್ಕವನ್ನೆಲ್ಲ ಸ್ಪ್ರೆಡ್‌ಶೀಟ್ ಮಾಡಿ ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು. "ನಿನ್ನ ಲೆಕ್ಕ ಸರಿ ಇರಬಹುದು. ಕೆಸರು ಬಾಚಿದ್ದು ನಾನು."

ಆಗ ಅಡುಗೆಮನೆಯಿಂದ ಅಮ್ಮ ಹೇಳಿದರು: "ಬಾಚಿದ್ದು ನಾನೂ ಹೌದು. ಆ ಕೆಸರು ಕಪ್ಪು ಇತ್ತು. ನನ್ನ ಮಣ್ಣು ಕೆಂಪು."

ಅದು ನಿಜ. ಅಮ್ಮ ನರ್ಸರಿಯಿಂದ ಲಾಲ್ ಮಿಟ್ಟಿ ತರಿಸಿ ತುಂಬಿಸಿದ್ದರು. ಮನೆಯೊಳಗೆ ಬಂದದ್ದು ನಾಲೆಯ ಕೆಸರು. ಇಪ್ಪತ್ತು ವರ್ಷ ಈ ಒಂದು ಸಂಗತಿ ಅಮ್ಮನಿಗೆ ಗೊತ್ತಿತ್ತು, ಯಾರೂ ಕೇಳಿರಲಿಲ್ಲ. ಅಪ್ಪ ಅವತ್ತು ಏನೂ ಹೇಳಲಿಲ್ಲ. ಎರಡು ದಿನ ಬಿಟ್ಟು, ಹಿಂಬಾಗಿಲಿನ ಹೊಸ್ತಿಲು ಒಂದು ಗೇಣು ಎತ್ತರಿಸಿದರೆ ಮಾತ್ರ ಒಡೆಯಬಹುದು ಅಂದರು.

ಒಡೆದದ್ದು, ಕೆಟ್ಟದ್ದು, ಸರಿಯಾದದ್ದು

ಏಪ್ರಿಲ್‌ನಲ್ಲಿ ಒಡೆದೆವು. ಬಾಗಿಲ ಹತ್ತಿರ ಮೂರು ಅಡಿ ಕೋಬಾ ಉಳಿಸಿ ಬಾಕಿ ತೆಗೆದೆವು. ಕೆಳಗೆ ಇಟ್ಟಿಗೆ ಚೂರು, ಅದರಡಿ ಅಮ್ಮನ ಕೆಂಪು ಮಣ್ಣಿನ ತೆಳುವಾದ ಪದರ, ಅದರಡಿ ಅಂಟಂಟಾದ ಕಪ್ಪು ಜೇಡಿ. ನನ್ನ ನಕ್ಷೆಯ ಪ್ರಕಾರ ನಡುವೆ ಎರಡಡಿ ತಗ್ಗು ತೆಗೆದು ಜಲ್ಲಿ ತುಂಬಿದೆ. ಮಳೆನೀರು ಅಲ್ಲಿ ಸೇರಿ ಇಂಗಬೇಕು. ಇಂಥದ್ದು ನಾನು ಹತ್ತಾರು ವಿಡಿಯೋದಲ್ಲಿ ನೋಡಿದ್ದೆ.

ಜೂನ್ ಎರಡನೇ ವಾರ ಮಳೆ ಬಂತು. ತಗ್ಗು ತುಂಬಿತು. ಇಂಗಲಿಲ್ಲ. ಒಂದು ದಿನ, ಎರಡು ದಿನ, ಮೂರನೇ ದಿನ. ಪಕ್ಕದ ಮನೆಯವರು ಸೊಳ್ಳೆ ಆಯ್ತು ಅಂತ ಹೇಳಿ ಹೋದರು. ಬೆಂಟ್ಲಿ 1911ರಲ್ಲಿ ಹೆದರಿದ್ದನ್ನು ನಾನು ಮನೆಯ ಹಿಂದೆ ನನ್ನ ಕೈಯಾರೆ ತೋಡಿ ಇಟ್ಟಿದ್ದೆ! ಮುರಕಲ್ಲಿನ ಮಾತು ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಇದೇ ಅದು. ಮುಂಬೈಯ ತಳ ಮುರಕಲ್ಲು ಅಲ್ಲ, ಗಟ್ಟಿ ಕಪ್ಪು ಬಸಾಲ್ಟ್. ನಮ್ಮ ತಗ್ಗು ಪ್ರದೇಶದಲ್ಲಿ ಅದರ ಮೇಲೆ ಜೇಡಿ, ಜೌಗಿಗೆ ತುಂಬಿದ ಮಣ್ಣು. ನೀರನ್ನು ಕೆಳಗೆ ಕಳಿಸುವ ಯೋಚನೆ ಇಲ್ಲಿ ನಡೆಯುವುದಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಎದ್ದು ನೋಡ್ತೇನೆ, ಅಪ್ಪ ಲುಂಗಿ ಎತ್ತಿ ಕಟ್ಟಿ ಹಾರೆ ಹಿಡಿದು ನಿಂತಿದ್ದಾರೆ. ತಗ್ಗು ಮುಚ್ಚಿ ಆಗಿತ್ತು. "ಮಳೆಗಾಲದಲ್ಲಿ ಯಾರಾದ್ರೂ ಗುಂಡಿ ಮಾಡ್ತಾರಾ? ಏರು ಮಾಡಬೇಕು." ಒಂದು ಮೊಳ ಎತ್ತರದ ಎರಡು ಏರು ಮಡಿ, ಅಡಿಗೆ ನನ್ನ ಜಲ್ಲಿ, ಅದರ ಮೇಲೆ ತೆಂಗಿನ ಸಿಪ್ಪೆ, ಮೇಲೆ ಮಣ್ಣು, ಗೊಬ್ಬರ. ನಡುವೆ ಒಂದು ಕಣಿ, ಬಾಗಿಲಿನಿಂದ ದೂರಕ್ಕೆ ಓಲುವ ಹಾಗೆ. ಕಣಿಯ ಕೊನೆಗೆ, ಗಟಾರಕ್ಕೆ ಸೇರುವ ಬಾಯಿಗೆ ಎರಡು ಇಟ್ಟಿಗೆ ಅಡ್ಡ ಇಟ್ಟರು. ನೀರು ಅಲ್ಲಿ ಸ್ವಲ್ಪ ನಿಂತು, ಸಂದಿಯಿಂದ ನಿಧಾನ ಹೋಗ್ತದೆ. ಏರಿನ ಮಣ್ಣು ಮತ್ತು ಸಿಪ್ಪೆ ಒಂದಷ್ಟು ಕುಡಿಯುತ್ತದೆ, ಉಳಿದದ್ದು ಮಳೆಯ ಜೋರು ಕಳೆದ ಮೇಲೆ ಗಟಾರಕ್ಕೆ ಹೋಗ್ತದೆ. ಎಂಜಿನಿಯರುಗಳ ಭಾಷೆಯಲ್ಲಿ ಇದಕ್ಕೆ ದೊಡ್ಡ ಹೆಸರು ಉಂಟು. ಅಪ್ಪನ ಭಾಷೆಯಲ್ಲಿ ಕಣಿ. ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನಾನು ವಿಡಿಯೋ ಹುಡುಕುತ್ತಿದ್ದಾಗ ಮದ್ದು ಪಕ್ಕದ ಕುರ್ಚಿಯಲ್ಲಿ ಪೇಪರ್ ಓದ್ತಾ ಇತ್ತು.

ದೀಪಾವಳಿ ಕಳೆದ ಮೇಲೆ ಅದನ್ನೇ ತಗ್ಗಿಸಿ ಪಾತಿ ಮಾಡಿದರು. ತರಕಾರಿ ತೊಳೆದ ನೀರು ಈಗ ಬಸಳೆಯ ಬುಡಕ್ಕೆ. ಚಪ್ಪರ ಗೋಡೆಗೆ ಮೊದಲಿನ ಜಾಗದಲ್ಲೇ ಬಂದಿದೆ. ಚಾಳ್‌ನ ಎಂಟು ಮನೆಯಲ್ಲಿ ಇನ್ನೊಬ್ಬರು ಅರ್ಧ ಕೋಬಾ ಒಡೆದಿದ್ದಾರೆ. ಆರು ಮನೆಯವರು ನೋಡ್ತಾ ಇದ್ದಾರೆ. ಚಾಳ್ ರೀಡೆವಲಪ್‌ಮೆಂಟಿಗೆ ಹೋಗುವ ಮಾತೂ ಉಂಟು. ಹೋದರೆ ಈ ಹಿತ್ತಲು ಎಷ್ಟು ವರ್ಷ ಇರ್ತದೋ ಗೊತ್ತಿಲ್ಲ. ಹೊಸ ಬಿಲ್ಡಿಂಗಿನ ನಕ್ಷೆ ಮೇಜಿನ ಮೇಲೆ ಬಂದ ದಿನ ಸುತ್ತಲಿನ ಖಾಲಿ ಜಾಗದಲ್ಲಿ ಎಷ್ಟು ಮಣ್ಣು, ಎಷ್ಟು ಸಿಮೆಂಟ್ ಅಂತ ಕೇಳಬೇಕು. ಖಾಲಿ ಅಂತ ಬರೆದಿದ್ದರೆ ಸಾಲದು ಅನ್ನುವುದು ಈಗ ನಮಗೆ ಗೊತ್ತು.

ನಿಮ್ಮದು ಬೆಂಗಳೂರಿನ ಸೈಟ್ ಆಗಿರಲಿ, ಮಂಗಳೂರಿನ ಕಾಂಪೌಂಡ್ ಆಗಿರಲಿ, ಡೊಂಬಿವಲಿಯ ನೆಲಮನೆ ಆಗಿರಲಿ, ತೋಟಕ್ಕೆ ಹೊಸ ನಕ್ಷೆ ಬಿಡಿಸುವ ಮೊದಲು ಎರಡು ಕೆಲಸ ಮಾಡಿ. ಒಂದಡಿ ಅಗೆದು ಗುಂಡಿಗೆ ಒಂದು ಕೊಡ ನೀರು ಹೊಯ್ದು ಎಷ್ಟು ಹೊತ್ತಿಗೆ ಇಂಗ್ತದೆ ಅಂತ ನೋಡಿ. ನಾನು ಇದನ್ನು ಮೊದಲೇ ಮಾಡಿದ್ದರೆ ನಾಲ್ಕು ದಿನ ಬೈಸಿಕೊಳ್ಳುವುದು ತಪ್ಪುತ್ತಿತ್ತು. ಮತ್ತೆ, ಈಗ ಇರುವುದನ್ನು ಹಾಗೆ ಮಾಡಿದ್ದು ಯಾರು, ಯಾವ ವರ್ಷ, ಏನಾದ ಮೇಲೆ ಅಂತ ಮನೆಯ ಹಿರಿಯರನ್ನು ಕೇಳಿ. ಅಮ್ಮನನ್ನೂ ಕೇಳಿ, ಅಪ್ಪನನ್ನು ಮಾತ್ರ ಅಲ್ಲ.

ಅಪ್ಪ ಈಗಲೂ ಜೋರು ಮಳೆಯ ರಾತ್ರಿ ಟಾರ್ಚ್ ಹಿಡಿದು ಏಳ್ತಾರೆ. ಮೊದಲು ಹೊಸ್ತಿಲಿಗೆ ಬೆಳಕು ಬಿಡ್ತಾರೆ, ಆಮೇಲೆ ಕಣಿಗೆ. ಇಟ್ಟಿಗೆಯ ಸಂದಿಯಲ್ಲಿ ಎಲೆ ಸಿಕ್ಕಿಕೊಂಡಿದ್ದರೆ ತೆಗೆದು, ಕಾಲು ತೊಳೆದು, ಮಲಗ್ತಾರೆ. ಒಂದೇ ಸಲ ಏಳುವುದು ಈಗ.

ಮುಂದಿನ ಸಲ ಸಿಗೋಣ. ನಿಮ್ಮ ಹಿತ್ತಲಿನ ಕಥೆ ಇದ್ದರೆ ಬರೆದು ಕಳಿಸಿ, ಅಮ್ಮನಿಗೆ ಓದಿ ಹೇಳ್ತೇನೆ.